ರಿಕಾಪು ಎರಡು ತೂತು ಕೆಳಕ್ಕೆ

ಕುದುರೆ ಕಂಡರೆ ಕಾಲುನೋವು ಎನ್ನುವ ಗಾದೆ ಸೋಮಾರಿಗಳ ಬಗ್ಗೆ ಹುಟ್ಟಿದ್ದು. ನನಗೆ ಕಾಲುನೋವು ಬಂದದ್ದು ಕುದುರೆ ಏರಿ ಎರಡು ಗಂಟೆಯಾದ ಮೇಲೆ, ಅದೂ ಬಲ ಮೊಣಕಾಲಿನ ಹೊರಬದಿಯಲ್ಲಿ, ಯಾರೋ ಮೊಳೆ ಹೊಡೆಯುತ್ತಿರುವ ಹಾಗೆ. ಕಿರ್ಗಿಸ್ತಾನದ ಕಿಜಾರ್ಟ್ ಹಳ್ಳಿಯಿಂದ ಸೋಂಗ್‌ಕುಲ್ ಸರೋವರಕ್ಕೆ ಹೋಗಿ ಬರುವ ಮೂರು ದಿನದ ಸವಾರಿಯ ಮೊದಲ ಬೆಳಿಗ್ಗೆ ಅದು. ನಾಚಿಕೆಯಿಂದ ಬಾಯಿ ಬಿಡದೆ ಕುಳಿತಿದ್ದೆ. ಹಿಂದಿನಿಂದ ಬರುತ್ತಿದ್ದ ಮಾರ್ಗದರ್ಶಿ ಹುಡುಗ ನಾನು ಕಾಲು ಒದರುವುದನ್ನು ನೋಡಿ ಕೆಳಗಿಳಿದ. "ಎಜೆ, ಕಾಲು ತೆಗೆಯಿರಿ" ಎಂದು ರಿಕಾಪಿನ, ಅಂದರೆ ಜೀನಿನಿಂದ ಇಳಿಬಿಟ್ಟ, ಸವಾರ ಪಾದ ಊರುವ ಬಳೆಯ, ಪಟ್ಟಿಯನ್ನು ಎರಡು ತೂತು ಕೆಳಕ್ಕಿಳಿಸಿದ. ಎಜೆ ಎಂದರೆ ಅವರಲ್ಲಿ ಅಕ್ಕ. ಅರ್ಧ ಗಂಟೆಯಲ್ಲಿ ನೋವು ಹೋಯಿತು.

ಹೊರಡುವ ಮೊದಲು ಊರಿನ ಸವಾರಿ ಶಾಲೆಯಲ್ಲಿ ಹತ್ತು ಪಾಠ ಕಲಿತಿದ್ದೆ. ಹತ್ತುವುದು, ಇಳಿಯುವುದು, ಟ್ರಾಟ್ ಎಂಬ ಕುಲುಕು ಓಟದಲ್ಲಿ ಎದ್ದು ಕೂರುವುದು ಎಲ್ಲವೂ ಬಂದಿತ್ತು. ರಿಕಾಪಿನ ಉದ್ದವನ್ನು ಮಾತ್ರ ಪ್ರತಿ ದಿನವೂ ಅಲ್ಲಿನವರೇ ಸರಿಮಾಡಿ ಕೊಡುತ್ತಿದ್ದರು. ಹಾಗಾಗಿ ಅದೂ ಒಂದು ವಿದ್ಯೆ ಎಂದು ನನಗೆ ಹೊಳೆದೇ ಇರಲಿಲ್ಲ. ಕುದುರೆಯ ಮೇಲೆ ಕುಳಿತು ಕಾಲನ್ನು ಸುಮ್ಮನೆ ಇಳಿಬಿಟ್ಟರೆ ರಿಕಾಪಿನ ತಳ ಪಾದದ ಗಂಟಿಗೆ ತಾಕಬೇಕು. ಐದಾರು ಗಂಟೆ ಕೂರುವವರಿಗೆ ಇನ್ನೂ ಸ್ವಲ್ಪ ಉದ್ದವಿದ್ದರೂ ನಡೆಯುತ್ತದೆ, ಗಿಡ್ಡವಿದ್ದರೆ ಮಂಡಿಯೇ ದಂಡ ತೆರುತ್ತದೆ. ಎರಡೂ ಕಡೆ ಒಂದೇ ಅಳತೆ ಇದೆಯೇ ಎಂದು ಎದುರಿಗೆ ನಿಂತು ನೋಡಬೇಕು. ನನ್ನವು ಎರಡೂ ಗಿಡ್ಡವಾಗಿದ್ದವು, ಬಲಗಡೆಯದು ಇನ್ನೂ ಒಂದು ತೂತು ಗಿಡ್ಡ.

ಈ ದಾರಿಗೆ ಸಾಮಾನ್ಯವಾಗಿ ಕೋಚ್ಕೋರ್ ಪಟ್ಟಣದಲ್ಲಿ ಏರ್ಪಾಡು ಮಾಡಿಕೊಳ್ಳುತ್ತಾರೆ. ರಾಜಧಾನಿ ಬಿಷ್ಕೆಕ್‌ನಿಂದ ಅಲ್ಲಿಗೆ ವ್ಯಾನಿನಲ್ಲಿ ಅರ್ಧ ದಿನದ ಪ್ರಯಾಣ. ಮುಂದೆ ಎಟಿಎಂ ಇಲ್ಲದ ಕಾರಣ ಸೋಮ್ ನೋಟುಗಳನ್ನು ಅಲ್ಲೇ ತೆಗೆದಿಟ್ಟುಕೊಂಡೆ. ದೊಡ್ಡ ಚೀಲವನ್ನೂ ಅಲ್ಲೇ ಬಿಟ್ಟೆ. ಜೀನಿನ ಹಿಂದೆ ಎರಡು ಬದಿಗೆ ಇಳಿಬೀಳುವ ಜೋಳಿಗೆಯಲ್ಲಿ ಹಿಡಿಸುವಷ್ಟೇ ನಮ್ಮ ಸಂಸಾರ. ಎರಡು ಬದಿಯ ತೂಕವೂ ಸಮನಾಗಿರಬೇಕು, ಇಲ್ಲವಾದರೆ ಜೀನು ದಿನವಿಡೀ ಒಂದು ಕಡೆಗೆ ಎಳೆದು ಕುದುರೆಯ ಬೆನ್ನು ಉಜ್ಜಿ ಗಾಯವಾಗುತ್ತದೆ. ಹೆಲ್ಮೆಟ್ ನಾನೇ ಒಯ್ದಿದ್ದೆ. ಅಲ್ಲಿ ಎಲ್ಲರ ಬಳಿಯೂ ಇರುವುದಿಲ್ಲ, ಇದ್ದರೂ ತಲೆಗೆ ಸರಿಹೋಗುವುದು ಅದೃಷ್ಟ. ಜೀನ್ಸ್ ಮಾತ್ರ ಬೇಡವೇ ಬೇಡ. ಒಳಹೊಲಿಗೆ ತೊಡೆಯನ್ನು ತರಿದುಹಾಕುತ್ತದೆ. ಸೈಕಲ್ ಸವಾರರ ಬಿಗಿ ಚಡ್ಡಿಯ ಮೇಲೆ ಸಾದಾ ಪ್ಯಾಂಟು ಹಾಕಿಕೊಂಡದ್ದು ನನ್ನ ಅತ್ಯಂತ ಜಾಣತನದ ತೀರ್ಮಾನ. ಅತ್ಯಂತ ದಡ್ಡತನದ್ದು, ದಪ್ಪ ಹಲ್ಲಿನ ಅಡಿಯಿರುವ ಚಾರಣದ ಬೂಟು. ಬಿದ್ದಾಗ ಅಂಥ ಬೂಟು ರಿಕಾಪಿನಲ್ಲಿ ಸಿಕ್ಕಿಕೊಂಡರೆ ಕುದುರೆ ನಮ್ಮನ್ನು ಎಳೆದುಕೊಂಡು ಓಡುತ್ತದೆ. ನುಣುಪಾದ ಅಡಿ, ಚಿಕ್ಕ ಹಿಮ್ಮಡಿ ಇರುವ ಬೂಟೇ ಸರಿ.

ನನಗೆ ಸಿಕ್ಕಿದ್ದು ಕಂದು ಬಣ್ಣದ, ಬೀಜ ಒಡೆದ ಗಂಡು ಕುದುರೆ. ಗಿಡ್ಡ, ಅಗಲ ಎದೆ, ಮುಖದಲ್ಲಿ ಸದಾ ಬೇಸರ. ಶಾಲೆಯಲ್ಲಿ ಲಗಾಮನ್ನು ಎರಡು ಕೈಯಲ್ಲಿ ಬಿಗಿಯಾಗಿ ಹಿಡಿಯಲು ಕಲಿಸಿದ್ದರು. ಇಲ್ಲಿ ಒಂದೇ ಕೈ. ಲಗಾಮನ್ನು ಕತ್ತಿನ ಮೇಲೆ ಒಂದು ಬದಿಗೆ ಒರಗಿಸಿದರೆ ತಿರುಗುತ್ತದೆ, "ಚೂ" ಎಂದರೆ ಹೊರಡುತ್ತದೆ. ಏರಿನಲ್ಲಿ ಮುಂದಕ್ಕೆ ಬಾಗಿ ಕತ್ತಿನ ಕೂದಲು ಹಿಡಿದುಕೊಂಡರೆ ಅದರ ಸೊಂಟ ಹಗುರವಾಗುತ್ತದೆ. ಕಷ್ಟ ಇಳಿಜಾರಿನದು. ಸಡಿಲ ಕಲ್ಲಿನ ಇಳಿಜಾರು ಕಂಡ ಕೂಡಲೇ ಭಯದಲ್ಲಿ ನಾನು ಲಗಾಮು ಜಗ್ಗಿದೆ. ಜಗ್ಗಿದಷ್ಟೂ ಅದು ತಲೆ ಎತ್ತಿತು, ತಲೆ ಎತ್ತಿದಾಗ ಮುಂಗಾಲಿನ ಜಾಗ ಕಾಣದೆ ಎಡವಿತು. "ಬಿಡಿ, ಬಿಡಿ" ಎಂದು ಹುಡುಗ ಕೂಗಿದ. ಬಿಟ್ಟೆ. ತಲೆ ಕೆಳಗಿಳಿಯಿತು, ಮೂಗು ಬಹುತೇಕ ನೆಲಕ್ಕೆ ತಾಕುವಂತೆ. ಒಂದು ಕಲ್ಲಿನ ಮೇಲೆ ಗೊರಸಿಟ್ಟು, ಅದು ಅಲುಗಾಡಿದ್ದಕ್ಕೆ ಹಿಂತೆಗೆದು, ಪಕ್ಕದ ಮಣ್ಣಿನ ಮೇಲೆ ಊರಿತು. ನಾನು ನೆಟ್ಟಗೆ ಕುಳಿತು ಹಿಮ್ಮಡಿ ಕೆಳಗೊತ್ತಿಕೊಂಡಿದ್ದೆ, ಅಷ್ಟೇ.

ಮೊದಲ ರಾತ್ರಿ ಕಿಲೆಮ್ಚೆ ಎಂಬ ಜಾಯ್ಲೂನಲ್ಲಿ. ಬೇಸಿಗೆಯಲ್ಲಿ ಕುರಿ ಕುದುರೆಗಳನ್ನು ಮೇಯಿಸಲು ಕುಟುಂಬಗಳು ಏರಿಬರುವ ಹುಲ್ಲುಗಾವಲಿಗೆ ಜಾಯ್ಲೂ ಎನ್ನುತ್ತಾರೆ. ಸರೋವರ ಇರುವುದು 3,016 ಮೀಟರ್ ಎತ್ತರದಲ್ಲಿ. ಒಂದೇ ದಿನದಲ್ಲಿ ಜೀಪಿನಲ್ಲಿ ಏರಿ ತಲೆನೋವು ತರಿಸಿಕೊಳ್ಳುವುದಕ್ಕಿಂತ ನಡುವೆ ಒಂದು ರಾತ್ರಿ ಮಲಗುವುದು ಲೇಸು.

ಎರಡನೆಯ ದಿನದ ಕಣಿವೆದಾರಿಯ ಹೆಸರು ಜಾಲ್ಗಿಜ್ ಕರಗಾಯ್, ಒಂಟಿ ಪೈನ್ ಮರ ಎಂದು ಅರ್ಥ. ಏರು ಮುಗಿಯುವ ಮುಂಚೆಯೇ ಆಕಾಶ ಕಪ್ಪಿಟ್ಟು ಆಲಿಕಲ್ಲು ಶುರುವಾಯಿತು, ಜುಲೈ ತಿಂಗಳಿನಲ್ಲಿ. ನಾನು ಕುದುರೆಯ ಮೇಲೆಯೇ ಚೀಲದಿಂದ ಮಳೆಕೋಟು ಎಳೆದು ಒಂದು ತೋಳು ತೂರಿಸಿದೆ. ಗಾಳಿಗೆ ಉಳಿದ ಅರ್ಧ ಪಟಪಟನೆ ಬಡಿದುಕೊಂಡಿತು. ಕುದುರೆಗೆ ಬೆನ್ನ ಹಿಂದೆ ನೇರವಾಗಿ ಏನೂ ಕಾಣುವುದಿಲ್ಲ. ಕಾಣದ ಕಡೆಯಿಂದ ಸದ್ದು ಮಾಡುವ ವಸ್ತು ಅದರ ಪಾಲಿಗೆ ತೋಳವೇ. ಮರುಕ್ಷಣ ನಾಗಾಲೋಟ. ಲಗಾಮು ಒಂದು ಕೈಯಲ್ಲಿ, ಇನ್ನೊಂದು ಕೈ ಕೋಟಿನ ತೋಳಿನೊಳಗೆ. ಹತ್ತಿಪ್ಪತ್ತು ಹೆಜ್ಜೆಯಲ್ಲಿ ನಾನು ಹುಲ್ಲಿನ ಮೇಲಿದ್ದೆ. ಪುಣ್ಯಕ್ಕೆ ಪಾದದ ಮುಂಭಾಗವನ್ನಷ್ಟೇ ರಿಕಾಪಿನಲ್ಲಿಟ್ಟಿದ್ದರಿಂದ ಬೂಟು ಸಿಕ್ಕಿಕೊಳ್ಳಲಿಲ್ಲ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವಂತೆ ಎದ್ದು ನಿಂತೆ, ಆದರೆ ಕೈ ನಡುಗುತ್ತಿತ್ತು. ಕುದುರೆ ಐವತ್ತು ಮೀಟರ್ ಆಚೆ ಏನೂ ಆಗದಂತೆ ಮೇಯುತ್ತಿತ್ತು. ಬಟ್ಟೆ ಬದಲಿಸುವುದಿದ್ದರೆ ಇಳಿದೇ ಬದಲಿಸಬೇಕೆಂದು ಹುಡುಗ ಮೊದಲೇ ಹೇಳಿದ್ದ. ನನ್ನದೇ ತಪ್ಪು.

ಕಣಿವೆ ದಾಟಿದೊಡನೆ ಸರೋವರ ಕಂಡಿತು. ಇಸಿಕ್‌ಕುಲ್ ಬಿಟ್ಟರೆ ಆ ದೇಶದ ಎತ್ತರದ ಸರೋವರಗಳಲ್ಲಿ ದೊಡ್ಡದು ಇದೇ. ದಡದಲ್ಲಿ ಒಂದೇ ಒಂದು ಮರವಿಲ್ಲ. ವರ್ಣನೆ ನನ್ನಿಂದಾಗದು. ಸಂಜೆ ಡೇರೆಯ ಒಡತಿ ಹೆಣ್ಣುಕುದುರೆಯ ಹಾಲು ಕರೆಯುವುದನ್ನು ನೋಡುತ್ತ ಕುಳಿತೆ. ಮೊದಲು ಮರಿಯನ್ನು ಎರಡು ಗುಟುಕು ಕುಡಿಯಲು ಬಿಟ್ಟು, ಹಾಲು ಇಳಿದೊಡನೆ ಅದನ್ನು ಸರಿಸಿ ತಾಯಿಯ ಪಕ್ಕದಲ್ಲೇ ನಿಲ್ಲಿಸಿಕೊಂಡು, ಒಂದು ಮಂಡಿ ಊರಿ ಕರೆಯುತ್ತಾಳೆ. ಕೆಚ್ಚಲಿನಲ್ಲಿ ಹೆಚ್ಚು ಹಾಲು ನಿಲ್ಲದ ಕಾರಣ ದಿನಕ್ಕೆ ಹಲವು ಸಲ ಇದೇ ಕೆಲಸ. ಅದನ್ನೇ ಹುಳಿ ಬರಿಸಿದರೆ ಕುಮಿಸ್. ಒಂದು ಬಟ್ಟಲು ಕುಡಿದೆ. ಎರಡನೆಯದನ್ನು ನಯವಾಗಿ ಬೇಡವೆಂದೆ.

ಮೂರನೆಯ ಬೆಳಿಗ್ಗೆ ಜೀನು ಹಾಕಿದ ಮೇಲೆ ಕುದುರೆಯನ್ನು ಹತ್ತು ಹೆಜ್ಜೆ ನಡೆಸಿ, ಹೊಟ್ಟೆಪಟ್ಟಿಯ ಅಡಿಯಲ್ಲಿ ಬೆರಳು ತೂರಿಸಿದೆ. ಸಡಿಲ. ಬಿಗಿಯುವಾಗ ಕಳ್ಳ ಹೊಟ್ಟೆ ಉಬ್ಬಿಸಿಕೊಂಡಿದ್ದ. ಮತ್ತೊಂದು ತೂತು ಎಳೆದೆ. ಹುಡುಗ ತನ್ನ ಕುದುರೆಯ ಮೇಲಿಂದ ನೋಡಿದ, ಏನೂ ಹೇಳದೆ ಮುಂದೆ ಹೊರಟ.

ಮಧ್ಯಾಹ್ನ ಕಿಜಾರ್ಟ್‌ನಲ್ಲಿ ಜೀನು ಇಳಿಸಿದಾಗ ಬೆನ್ನಿನ ಮೇಲೆ ಬೆವರಿನ ಗುರುತು ಎರಡೂ ಬದಿ ಸಮನಾಗಿತ್ತು. ಕಡಿವಾಣ ಬಿಚ್ಚಿದ್ದೇ ತಡ, ಕುದುರೆ ಧೂಳಿನಲ್ಲಿ ಬಿದ್ದು ನಾಲ್ಕೂ ಕಾಲು ಮೇಲೆ ಮಾಡಿ ಹೊರಳಿ, ಎದ್ದು ಮೈ ಕೊಡವಿ, ನನ್ನ ಕಡೆ ತಿರುಗಿಯೂ ನೋಡದೆ ಹುಲ್ಲಿಗೆ ಹೋಯಿತು.