ಬೈಕಿಗೆ ಬ್ಯಾಗ್ ಕಟ್ಟುವಾಗ ಇಷ್ಟು ನೋಡಿಕೊಳ್ಳಿ

ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಬೈಕಲ್ಲಿ ಹೊರಡುವವರು ಹುಕ್ ಇರುವ ಎಲಾಸ್ಟಿಕ್ ಹಗ್ಗವನ್ನಷ್ಟೇ ನಂಬಬೇಡಿ. ಗುಂಡಿಗೆ ಬೈಕ್ ಎಗರಿದಾಗ ಎಲಾಸ್ಟಿಕ್ ಹಿಗ್ಗಿ ಹುಕ್ ಕಳಚಿಕೊಳ್ಳುತ್ತದೆ. ಬಕಲ್ ಇರುವ ಚಪ್ಪಟೆ ನೈಲಾನ್ ಪಟ್ಟಿ ಎರಡು ತಗೊಳ್ಳಿ, ಬ್ಯಾಗ್ ಮೇಲೆ ಅಡ್ಡ ಹಾಕಿ ಹಿಂದಿನ ಗ್ರ್ಯಾಬ್ ರೈಲಿಗೋ (ಹಿಂದೆ ಕೂತವರು ಹಿಡಿದುಕೊಳ್ಳುವ ಕಂಬಿ) ಫ್ರೇಮಿಗೋ ಬಿಗಿಯಿರಿ, ಇಂಡಿಕೇಟರಿಗಂತೂ ಬೇಡವೇ ಬೇಡ. ಪಂಕ್ಚರ್ ಅಂಗಡಿಯಲ್ಲಿ ಹಳೇ ಟ್ಯೂಬ್ ಕೇಳಿ ತಂದು, ಸೀಳಿ ಬ್ಯಾಗಿನ ಅಡಿಗೆ ಹಾಸಿದರೆ ಜಾರುವುದು ಎಷ್ಟೋ ಕಡಿಮೆ, ನನಗೆ ಇದು ತುಂಬಾ ಇಷ್ಟದ ಉಪಾಯ. ಭಾರದ ಸಾಮಾನು ಕೆಳಗಿರಲಿ. ಪಟ್ಟಿಯ ತುದಿ ಸುಮ್ನೆ ನೇತಾಡಲು ಬಿಡಬೇಡಿ, ಚೈನಿಗೋ ಚಕ್ರಕ್ಕೋ ಸಿಕ್ಕಿಕೊಂಡರೆ ಜೀವಕ್ಕೇ ಅಪಾಯ ಅಲ್ವಾ, ದಯವಿಟ್ಟು ಒಳಗೆ ಸೇರಿಸಿ ಗಂಟು ಹಾಕಿ. 10 ಕಿ.ಮೀ. ಹೋದ ಮೇಲೆ ನಿಲ್ಲಿಸಿ ಬಿಗಿ ನೋಡಿ, ಬಟ್ಟೆ ಕುಸಿದು ಪಟ್ಟಿ ಸಡಿಲಾಗಿರುತ್ತದೆ. ಘಾಟಿಯ 14 ತಿರುವು ಇಳಿಯುವ ಮುಂಚೆ ಇನ್ನೊಮ್ಮೆ ನೋಡಿ.