ಬೋರ್ಡ್ ಗೇಮ್ ಕಟ್ಟುವಿರಾ? ಚಿತ್ರ ಆಮೇಲೆ, ಮೊದಲು ಪಟ್ಟಿ

ಹೊಸ ಆಟ ಕಟ್ಟುವ ಉಮೇದಿನಲ್ಲಿ ಬರುವ ಹುಡುಗ ಹುಡುಗಿಯರು ನನಗೆ ಮೊದಲು ತೋರಿಸುವುದು ಬೋರ್ಡಿನ ಚಿತ್ರವನ್ನೇ. ಹದಿನೈದು ದಿನ ಕೂತು ಕ್ಯಾನ್ವಾ ಎಂಬ ಚಿತ್ರ ವಿನ್ಯಾಸದ ತಂತ್ರಾಂಶದಲ್ಲಿ ಬಣ್ಣ ತುಂಬಿರುತ್ತಾರೆ. ಆಡಲು ಕೂತರೆ ನಾಲ್ಕನೇ ಸರದಿಗೇ ಆಟ ನಿಂತುಬಿಡುತ್ತದೆ. ನಿಯಮ ಬದಲಿಸಬೇಕು, ಆದರೆ ಅಷ್ಟು ಕಷ್ಟಪಟ್ಟು ಮಾಡಿದ ಚಿತ್ರವನ್ನು ಅಳಿಸಲು ಮನಸ್ಸು ಒಪ್ಪುವುದಿಲ್ಲ. ಎಷ್ಟೋ ಒಳ್ಳೆಯ ಕಲ್ಪನೆಗಳು ಹೀಗೆ ಮೂಲೆ ಸೇರಿದ್ದನ್ನು ಕಂಡಿದ್ದೇನೆ.

1. ಬೋರ್ಡ್: ಯಾವುದಾದರೂ ಸ್ಲೈಡ್ ತಂತ್ರಾಂಶದಲ್ಲಿ ಚೌಕ ಎಳೆಯಿರಿ, ಅಂಕಿ ಹಾಕಿ. ಕಪ್ಪು ಬಿಳುಪು ಸಾಕು.

2. ಲೆಕ್ಕ: ಆಡುವ ಮೊದಲೇ ಆಟದ ಉದ್ದ ಅಂದಾಜು ಮಾಡಿ. ನಮ್ಮ ಚೌಕಾಬಾರವನ್ನೇ ತೆಗೆದುಕೊಳ್ಳಿ. ಕವಡೆ ಅಂಗಾತ ಬೀಳುವುದೂ ಬೋರಲು ಬೀಳುವುದೂ ಸಮ ಎಂದುಕೊಂಡರೆ, ನಾಲ್ಕು ಕವಡೆ 16 ಬಗೆಯಲ್ಲಿ ಬೀಳಬಹುದು. ಅದರಲ್ಲಿ 1 ಬರುವುದು ನಾಲ್ಕು ಸಲ, 2 ಆರು ಸಲ, 3 ನಾಲ್ಕು ಸಲ, ಚೌಕ (4) ಒಮ್ಮೆ, ಬಾರ (8) ಒಮ್ಮೆ. ಸರಾಸರಿ 2.5. ಐದು ಮನೆ ಉದ್ದ, ಐದು ಮನೆ ಅಗಲದ ಬೋರ್ಡಿನಲ್ಲಿ ಒಂದು ಕಾಯಿ ಹಣ್ಣಾಗಲು, ಅಂದರೆ ನಡುಮನೆ ಸೇರಲು, 24 ಹೆಜ್ಜೆ. ನಾಲ್ಕು ಕಾಯಿಗೆ 96. ಅಂದರೆ ಕಾಯಿ ಕಡಿಯುವುದನ್ನು ಲೆಕ್ಕಕ್ಕೆ ಹಿಡಿಯದಿದ್ದರೂ ಒಬ್ಬೊಬ್ಬರು ಸುಮಾರು 38 ಸಲ ಕವಡೆ ಹಾಕಬೇಕು. ನಿಮ್ಮ ಆಟಕ್ಕೂ ಇಂಥದ್ದೊಂದು ಲೆಕ್ಕ ಹಾಕಿದರೆ, ಎರಡು ಗಂಟೆ ಎಳೆಯುವ ಆಟ ಕಾಗದದಲ್ಲೇ ಸಿಕ್ಕಿಬೀಳುತ್ತದೆ.

3. ಕಾರ್ಡುಗಳು: ಬಹಳ ಜನ ಎಡವುವುದು ಇಲ್ಲಿ. ಒಂದೊಂದು ಕಾರ್ಡನ್ನೂ ಬೇರೆ ಬೇರೆ ಚಿತ್ರವಾಗಿ ಮಾಡಲೇಬೇಡಿ. ಲಿಬ್ರೆಆಫೀಸ್ ಕ್ಯಾಲ್ಕ್ ಎಂಬ ಸ್ಪ್ರೆಡ್‌ಶೀಟ್ ತಂತ್ರಾಂಶ ತೆರೆಯಿರಿ, ಅದು ಉಚಿತ. ಗೂಗಲ್ ಶೀಟ್ಸ್ ಬೇಡ, ಅಲ್ಲಿ ಸೆಲ್‌ಗಳ ಅಳತೆ ಪಿಕ್ಸೆಲ್‌ನಲ್ಲಿರುತ್ತದೆ. ನಮಗೆ ಬೇಕಿರುವುದು ಸೆಂಟಿಮೀಟರ್.

ಮೊದಲ ಹಾಳೆಯಲ್ಲಿ ಕಾರ್ಡಿಗೊಂದು ಸಾಲು: ಹೆಸರು, ಬೆಲೆ, ಪರಿಣಾಮ, ಆವೃತ್ತಿ ಸಂಖ್ಯೆ. ಅಡಿಕೆ ಕೊಯ್ಲಿನ ಆಟ ಕಟ್ಟುತ್ತಿದ್ದ ಒಂದು ತಂಡದ ಸಾಲು ಹೀಗಿತ್ತು: 'ಅಕಾಲ ಮಳೆ, 0, ಅಂಗಳದಲ್ಲಿರುವ ಅಡಿಕೆಯಲ್ಲಿ ಅರ್ಧ ಹಾಳು, 1'. ಐದನೇ ಕಾಲಂನಲ್ಲಿ ಇವೆಲ್ಲವನ್ನೂ ಸೂತ್ರದಿಂದ ಒಂದೇ ಸೆಲ್‌ಗೆ ಜೋಡಿಸಿ.

ಎರಡನೇ ಹಾಳೆ ಪ್ರಿಂಟಿಗೆ. ಮೂರು ಕಾಲಂ, ಅಗಲ 6.3 ಸೆಂ.ಮೀ.; ಸಾಲಿನ ಎತ್ತರ 8.8 ಸೆಂ.ಮೀ. ಇದು ಇಸ್ಪೀಟ್ ಎಲೆಯ ಅಳತೆ. ಪ್ರತಿ ಸೆಲ್‌ನಲ್ಲಿ ಸಮ ಚಿಹ್ನೆ ಒತ್ತಿ, ಮೊದಲ ಹಾಳೆಯ ಐದನೇ ಕಾಲಂನಲ್ಲಿ ಆಯಾ ಕಾರ್ಡಿನ ಸೆಲ್ ಕ್ಲಿಕ್ ಮಾಡಿ. ಅಕ್ಷರ ಸೆಲ್‌ನೊಳಗೇ ಮಡಚಿಕೊಳ್ಳುವಂತೆ 'ವ್ರ್ಯಾಪ್ ಟೆಕ್ಸ್ಟ್' ಆನ್ ಮಾಡಿ, ಸುತ್ತ ಗೆರೆ ಹಾಕಿ. ಎ4 ಹಾಳೆಗೆ ಒಂಬತ್ತು ಕಾರ್ಡ್. 36 ಕಾರ್ಡಿಗೆ ನಾಲ್ಕೇ ಹಾಳೆ.

ಇಷ್ಟಾದರೂ ಪ್ರಿಂಟ್ ಕೊಟ್ಟಾಗ ಮೂರನೇ ಕಾಲಂ ಬೇರೆ ಹಾಳೆಗೆ ಹಾರುತ್ತದೆ. ಕಾರಣ, ಪುಟದ ಅಂಚು ಮೊದಲೇ ಸುಮಾರು 2 ಸೆಂ.ಮೀ. ಇರುತ್ತದೆ, 21 ಸೆಂ.ಮೀ. ಹಾಳೆಯಲ್ಲಿ ಉಳಿಯುವುದು 17, ನಮಗೆ ಬೇಕಾದದ್ದು 18.9. 'ಫಾರ್ಮ್ಯಾಟ್' ಮೆನುವಿನ 'ಪೇಜ್ ಸ್ಟೈಲ್'ಗೆ ಹೋಗಿ ನಾಲ್ಕೂ ಅಂಚನ್ನು 1 ಸೆಂ.ಮೀ. ಮಾಡಿ. ಅಲ್ಲೇ ಹೆಡರ್, ಫೂಟರ್ ಎರಡನ್ನೂ ಆಫ್ ಮಾಡಿ. ಅವು ಎತ್ತರ ತಿನ್ನುವುದರಿಂದ ಮೂರನೇ ಸಾಲೂ ಕೆಳಗೆ ಜಾರುತ್ತದೆ.

ಪ್ರಿಂಟ್ ಹಾಕುವಾಗ 'ಆ್ಯಕ್ಚುವಲ್ ಸೈಜ್' ಅಥವಾ 100 ಶೇಕಡಾ ಎಂದೇ ಇರಬೇಕು. 'ಫಿಟ್ ಟು ಪೇಜ್' ಎಂದಿದ್ದರೆ ಅಳತೆ ಬದಲಾಗುತ್ತದೆ. ಒಮ್ಮೆ ಜೆರಾಕ್ಸ್ ಅಂಗಡಿಯೊಂದರಲ್ಲಿ ಅಡಿಕೆ ಆಟದ ತಿದ್ದಿದ ಆರು ಕಾರ್ಡುಗಳು ತುಸು ಕುಗ್ಗಿ ಬಂದವು. ಮಳೆ ಕಾರ್ಡ್ ಯಾರ ಕೈಯಲ್ಲಿದೆ ಎಂಬುದು ಕಾರ್ಡಿನ ಹಿಂಬದಿ ನೋಡಿದರೇ ಗೊತ್ತಾಗಿ ಆ ದಿನದ ಆಟವೆಲ್ಲ ವ್ಯರ್ಥವಾಯಿತು. ಮೊದಲ ಹಾಳೆ ಬಂದ ತಕ್ಷಣ ಅಲ್ಲೇ ಸ್ಕೇಲ್ ಇಟ್ಟು 63 ಮಿಲಿಮೀಟರ್ ಇದೆಯೇ ನೋಡಿ, ಆಮೇಲೆ ಉಳಿದದ್ದು ತೆಗೆಸಿ.

ದಪ್ಪ ಕಾಗದಕ್ಕೆ, ಲ್ಯಾಮಿನೇಶನ್‌ಗೆ ದುಡ್ಡು ಹಾಕಬೇಡಿ. ಲ್ಯಾಮಿನೇಟ್ ಮಾಡಿದ ಕಾರ್ಡಿನ ಮೇಲೆ ಪೆನ್ಸಿಲ್ ಓಡುವುದಿಲ್ಲ, ಕಲೆಸಿದರೆ ಜಾರುತ್ತದೆ. ಕಾರ್ಡ್ ಅಳತೆಯ ಪ್ಲಾಸ್ಟಿಕ್ ಕವರಿನಲ್ಲಿ ಹಳೆಯ ಇಸ್ಪೀಟ್ ಎಲೆ ಹಾಕಿ, ಮುಂದೆ ನೀವು ಕತ್ತರಿಸಿದ ಕಾಗದ ತೂರಿಸಿ.

4. ದೂರದ ಗೆಳೆಯರೊಂದಿಗೆ ಆಡಿ ನೋಡಲು 'ಪ್ಲೇಯಿಂಗ್‌ಕಾರ್ಡ್ಸ್ ಡಾಟ್ ಐಓ' ಜಾಲತಾಣ ಸಾಕು. ಬ್ರೌಸರಿನಲ್ಲೇ ನಡೆಯುತ್ತದೆ, ನಿಮ್ಮ ಪಟ್ಟಿಯನ್ನೇ ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಸರಳ ಪಠ್ಯ) ಕಡತವಾಗಿ ಏರಿಸಬಹುದು. 'ಟೇಬಲ್‌ಟಾಪ್ ಸಿಮ್ಯುಲೇಟರ್' ಎಂಬ ಕಂಪ್ಯೂಟರ್ ತಂತ್ರಾಂಶವೂ ಚೆನ್ನಾಗಿದೆ, ಆದರೆ ಎಲ್ಲರೂ ಕೊಂಡುಕೊಳ್ಳಬೇಕು. ಈ ಹಂತದಲ್ಲಿ ಬೇಡ.

5. ಆಡಿಸುವಾಗ ನೀವು ಆಡಬೇಡಿ. ಪಕ್ಕದಲ್ಲಿ ಕೂತು, ಯಾರು ಎಲ್ಲಿ ತಡವರಿಸಿದರು ಎಂಬುದನ್ನು ಬರೆದುಕೊಳ್ಳಿ. ಅಡಿಕೆ ಆಟದಲ್ಲಿ ಮಳೆಗೆ ಹೆದರಿ ಯಾರೂ ಅಂಗಳಕ್ಕೆ ಅಡಿಕೆ ಹರವಲೇ ಇಲ್ಲ. ತಂಡದವರು ಹೊಸ ನಿಯಮ ಸೇರಿಸಲು ಹೊರಟರು. ನಾನು ತಡೆದೆ. ಪಟ್ಟಿಯ ಆ ಒಂದು ಸಾಲಿನಲ್ಲಿ 'ಅರ್ಧ' ಅಳಿಸಿ 'ಒಂದು ಮೂಟೆ' ಎಂದು ಬರೆದು, ಆವೃತ್ತಿ 2 ಮಾಡಿ, ಆ ಕಾರ್ಡ್ ಇದ್ದ ಒಂದೇ ಹಾಳೆ ಮತ್ತೆ ಪ್ರಿಂಟ್ ತೆಗೆದೆವು. ಮುಂದಿನ ಆಟದಲ್ಲಿ ಎರಡನೇ ಸರದಿಗೇ ಮೂವರ ಅಂಗಳದಲ್ಲೂ ಅಡಿಕೆ ಒಣಗುತ್ತಿತ್ತು.