ಸೈನೊಟೈಪ್‌ನಲ್ಲಿ ಕೆನ್ನೆಯ ನಯ: ನನ್ನ ಅನುಭವ

ಕಬ್ಬಿಣದ ಲವಣ ಬಳಿದ ಕಾಗದವನ್ನು ಬೆಳಕಿಗೆ ಒಡ್ಡಿ ನೀಲಿ ಚಿತ್ರ ತೆಗೆಯುವ ಹಳೆಯ ವಿಧಾನ ಸೈನೊಟೈಪ್. ಅದು ಎಲೆ, ಗರಿ ಇಟ್ಟು ಬಿಸಿಲಿಗೆ ಹಿಡಿಯುವ ಆಟ, ಮುಖದ ನಯ ಅದರಲ್ಲಿ ಬರೋದಿಲ್ಲ ಎಂಬ ಮಾತನ್ನು ಪ್ಲಾಟಿನಂ ಪ್ರಿಂಟ್ (ಪ್ಲಾಟಿನಂ ಲವಣದಿಂದ ತೆಗೆಯುವ ಕಪ್ಪು-ಬಿಳಿ ಚಿತ್ರ) ಮಾಡುವವರ ಬಾಯಲ್ಲೇ ಹೆಚ್ಚು ಕೇಳಿದ್ದೇನೆ. ಬರುತ್ತದೆ. 1842ರಲ್ಲಿ ವಿಜ್ಞಾನಿ ಜಾನ್ ಹರ್ಷೆಲ್ ಕಂಡುಹಿಡಿದ ವಿಧಾನಕ್ಕೆ ದೊಡ್ಡ ತಿದ್ದುಪಡಿಯೇನೂ ಬೇಕಾಗಿಲ್ಲ. ನನ್ನ ಈಗಿನ 8×10 ಇಂಚಿನ ಪ್ರಿಂಟುಗಳಲ್ಲಿ ಮೂಗಿನ ತುದಿಯ ಹೊಳಪು, ಹಣೆ, ಕೆನ್ನೆ ಮೂರೂ ಬೇರೆ ಬೇರೆಯಾಗಿ ನಿಲ್ಲುತ್ತವೆ. ದ್ರಾವಣ ಬದಲಿಸಿ ಬದಲಿಸಿ ಹಾಳುಮಾಡಿದ್ದೇ ಬಂತು. ತೊಂದರೆ ಇದ್ದದ್ದು ಕಾಗದದಲ್ಲಿ, ಆಮೇಲೆ ನೆಗೆಟಿವ್‌ನಲ್ಲಿ.

ದ್ರಾವಣ ಎಲ್ಲರದ್ದೇ: 100 ಮಿಲಿಗೆ ಹಸಿರು ಫೆರಿಕ್ ಅಮೋನಿಯಂ ಸಿಟ್ರೇಟ್ 25 ಗ್ರಾಂ, ಇನ್ನೊಂದು ಬಾಟಲಿಯಲ್ಲಿ 100 ಮಿಲಿಗೆ ಪೊಟ್ಯಾಶಿಯಂ ಫೆರಿಸಯನೈಡ್ 10 ಗ್ರಾಂ, ಬಳಿಯುವಾಗ ಸಮಪಾಲು. ಸಿಟ್ರೇಟ್ ಬಾಟಲಿಗೆ ಬೂಷ್ಟು ಬರುತ್ತದೆ. ಸೋಸಿದರೆ ಸಾಕು, ಚೆಲ್ಲಬೇಡಿ.

ಈಗ ಕಾಗದ. ‘ಆರ್ಕೈವಲ್’ (ಬಹುಕಾಲ ಬಾಳುವ) ಎಂದು ಮಾರುವ ದುಬಾರಿ ಹತ್ತಿ ಕಾಗದಗಳಲ್ಲಿ ಬಹುಪಾಲಿಗೆ ಕ್ಯಾಲ್ಸಿಯಂ ಕಾರ್ಬೊನೇಟ್ ಎಂಬ ಕ್ಷಾರ ಸೇರಿಸಿರುತ್ತಾರೆ. ಬೇರೆ ಚಿತ್ರಗಳಿಗೆ ಅದು ರಕ್ಷೆ, ನಮ್ಮ ನೀಲಿಗೆ ವಿಷ. ಈ ನೀಲಿ, ಅಂದರೆ ಪ್ರಶ್ಯನ್ ನೀಲಿ, ಕ್ಷಾರದಲ್ಲಿ ಒಡೆಯುತ್ತದೆ, ಮೊದಲು ಹೋಗುವುದೇ ತೆಳು ಟೋನ್ (ಛಾಯೆ). ಅಂದರೆ ಕೆನ್ನೆ! ಮೊದಲ 40 ಹಾಳೆಗಳಲ್ಲಿ ಸುಮಾರು 30 ಕಸಕ್ಕೆ ಹೋದವು. ಖರ್ಚಿನಲ್ಲಿ ರಾಸಾಯನಿಕ ಒಂದು ಪಾಲಾದರೆ ಕಾಗದ ಐದಾರು ಪಾಲು, ಆದ್ದರಿಂದ ಈ ಪೆಟ್ಟು ಸಣ್ಣದಲ್ಲ.

ಆ ಕಾರ್ಬೊನೇಟ್ ಕಳೆಯಲು ಪರಿಹಾರ ಸಲ್ಫಾಮಿಕ್ ಆಮ್ಲ, ಲೀಟರಿಗೆ 100 ಗ್ರಾಂ. ಹಾಳೆ ಮುಳುಗಿಸಿದ ಕೂಡಲೇ ಮೈತುಂಬ ಸಣ್ಣ ಗುಳ್ಳೆ ಏಳುತ್ತವೆ. ಗುಳ್ಳೆ ನಿಲ್ಲುವವರೆಗೆ, ನನ್ನ ಕಾಗದಕ್ಕೆ ಮುಕ್ಕಾಲು ಗಂಟೆ, ಆಗಾಗ ತಿರುವಿ ಹಾಕಬೇಕು. ಸಿಟ್ರಿಕ್ ಆಮ್ಲದಲ್ಲೂ ಮಾಡಿ ನೋಡಿದೆ. ಅದರಲ್ಲಿ ಹುಟ್ಟುವ ಕ್ಯಾಲ್ಸಿಯಂ ಸಿಟ್ರೇಟ್ ನೀರಿಗೆ ಸರಿಯಾಗಿ ಕರಗದೆ ನಾರಿನಲ್ಲೇ ಉಳಿಯುತ್ತದೆ. ರಾತ್ರಿಯಿಡೀ ನೆನೆಸಿದರೆ ಮೈ ಜುಂಗುಜುಂಗಾಗಿ ಬಣ್ಣ ಒಳಗಿಳಿಯುತ್ತದೆ, ಅದೂ ಬೇಡ. ಚೆನ್ನಾಗಿ ತೊಳೆದು, ನೇತುಹಾಕಿ ಒಣಗಿಸಿ. ಇದೆಲ್ಲ ಬಳಿಯುವ ಮೊದಲಿನ ಕೆಲಸ. ಫೆರಿಸಯನೈಡ್ ಇರುವಲ್ಲಿಗೆ ಪ್ರಬಲ ಆಮ್ಲ ತರಲೇಬಾರದು, ವಿಷದ ಅನಿಲ ಬರಬಹುದು.

ಬಳಿಯಲು 8×10ಕ್ಕೆ 2 ಮಿಲಿ, ಅಂದರೆ ನನ್ನ ಡ್ರಾಪರಿನಲ್ಲಿ 40 ಹನಿ. ಬ್ರಷ್ಷಿನ ಕತ್ತಿನಲ್ಲಿ ಕಬ್ಬಿಣದ ಪಟ್ಟಿ ಇದ್ದರೆ ನೀಲಿ ಚುಕ್ಕೆ ಗ್ಯಾರಂಟಿ. ಒಣಗಿದ ಲೇಪ ಹಳದಿಯಾಗಿರಬೇಕು. ಕತ್ತಲಲ್ಲೇ ಹಸಿರಿಗೆ ತಿರುಗಿದರೆ ಆ ಹಾಳೆಯ ಮೇಲೆ ನೆಗೆಟಿವ್ ಇಡುವುದೇ ದಂಡ. ಎರಡು ಕೋಟ್ ಹಾಕುತ್ತೇನೆ. ಎರಡನೆಯದಕ್ಕೆ ಒಂದು ಹನಿ ಬೇರೆ ಏನೋ ಬೀಳುತ್ತದೆ, ಅದು ನನ್ನ ಬಳಿಯೇ ಇರಲಿ.

ನೆಗೆಟಿವ್ ಇಂಕ್‌ಜೆಟ್ಟಿನದ್ದೇ, ಪಾರದರ್ಶಕ ಫಿಲ್ಮಿನ ಮೇಲೆ ಪ್ರಿಂಟ್ ಮಾಡಿ ಲೇಪದ ಮೇಲೆ ಇಡುವುದು. ಅಗ್ಗದ ಫಿಲ್ಮಿನಲ್ಲಿ ಶಾಯಿ ಹನಿಗಟ್ಟಿ, ಆಕಾಶದ ಭಾಗ ಮರಳು ಚೆಲ್ಲಿದಂತೆ ಬಂತು. ಉಳಿಸಿದ ದುಡ್ಡೆಲ್ಲ ಕಾಗದದಲ್ಲಿ ಹೋಯಿತು. ಮೊದಲು ಬರೀ ಖಾಲಿ ಫಿಲ್ಮ್ ಇಟ್ಟು ಎಕ್ಸ್‌ಪೋಷರ್ ಪಟ್ಟಿ ಮಾಡಿ, ಅಂದರೆ ಒಂದೇ ಹಾಳೆಯ ಭಾಗಗಳಿಗೆ ಬೇರೆ ಬೇರೆ ಹೊತ್ತು ಬೆಳಕು ಕೊಡಿ. ಇನ್ನು ಹೆಚ್ಚು ಹೊತ್ತು ಕೊಟ್ಟರೂ ನೀಲಿ ಗಾಢವಾಗದ ಮೊದಲ ಸಮಯವೇ ನಿಮ್ಮ ಸಮಯ. ನನ್ನ ಯುವಿ ಟ್ಯೂಬುಗಳಿಗೆ ಸುಮಾರು 11 ನಿಮಿಷ. ಅದನ್ನು ಮತ್ತೆ ಮುಟ್ಟುವಂತಿಲ್ಲ. ಬಿಸಿಲು ಗಂಟೆಗೊಂದು ಥರ, ಅದನ್ನು ನಂಬಿ ಕರ್ವ್ (ಫೈಲಿನ ಟೋನ್‌ಗಳನ್ನು ಪ್ರಿಂಟಿಗೆ ಹೊಂದಿಸುವ ರೇಖೆ) ಮಾಡಲು ಹೋದರೆ ಜೀವನವೇ ಸಾಲದು.

ಆ ಸಮಯದಲ್ಲೇ ಬಿಳಿಯಿಂದ ಗಾಢಕ್ಕೆ ಮೆಟ್ಟಿಲಾಗಿ ಏರುವ 21 ಚೌಕದ ಪಟ್ಟಿ ಪ್ರಿಂಟ್ ಮಾಡಿದಾಗ ಮೊದಲು ಬೇರೆಬೇರೆಯಾಗಿ ಕಂಡದ್ದು 12 ಚೌಕ ಇರಬೇಕು. ತೆಳು ತುದಿಯ ಐದಾರು ಬರೀ ಬಿಳಿ. ಒಣಗಿದ ಪ್ರಿಂಟನ್ನು ಸ್ಕ್ಯಾನ್ ಮಾಡಿ, 16 ಬಿಟ್ ಫೈಲಿನಲ್ಲಿ ಕರ್ವ್ ತಿದ್ದಿ, ಮತ್ತೆ ಪ್ರಿಂಟ್. ಮೂರನೇ ಸುತ್ತಿಗೆ 19 ಚೌಕ ಬಂದವು. ಒದ್ದೆ ಪ್ರಿಂಟ್ ನೋಡಿ ಕರ್ವ್ ತಿದ್ದಿದವರು ಕೆಟ್ಟರು. ಒಂದು ದಿನ ಗಾಳಿಗೆ ಬಿಟ್ಟ ಮೇಲೆಯೇ ನೀಲಿ ಪೂರ್ತಿ ಏರುವುದು. ಒಂದು ಮುಚ್ಚಳದಷ್ಟು ಹೈಡ್ರೋಜನ್ ಪೆರಾಕ್ಸೈಡ್ ಅನ್ನು ತೊಳೆಯುವ ನೀರಿಗೆ ಹಾಕಿದರೆ ತಕ್ಷಣ ಏರುತ್ತದೆ, ನೋಡುವವರಿಗೆ ಮ್ಯಾಜಿಕ್. ಆದರೆ ಕೊನೆಯ ಬಣ್ಣ ಎರಡೂ ದಾರಿಯಲ್ಲಿ ಒಂದೇ.

ತೊಳೆಯುವ ಮೊದಲ ಟ್ರೇಗೆ ಲೀಟರಿಗೆ ಒಂದು ಟೀ ಚಮಚ ಸಿಟ್ರಿಕ್ ಆಮ್ಲ, ಐದು ನಿಮಿಷ. ಬರೀ ನೀರಿನಲ್ಲಿ ಕೊಚ್ಚಿಹೋಗುವ ಮಧ್ಯದ ಟೋನ್ ಇದರಲ್ಲಿ ಉಳಿಯುತ್ತದೆ. ಆಮೇಲೆ ಸಾದಾ ನೀರು, ಹಳದಿ ಪೂರ್ತಿ ಹೋಗುವವರೆಗೆ, ಹೆಚ್ಚೆಂದರೆ 15 ನಿಮಿಷ. ಗಡಸು ನೀರಾದರೆ ಇನ್ನೂ ಬೇಗ ತೆಗೆಯಿರಿ.

ನಡುವೆ ಟೋನಿಂಗ್, ಅಂದರೆ ನೀಲಿಯನ್ನು ಬೇರೆ ಬಣ್ಣಕ್ಕೆ ತಿರುಗಿಸುವ ಹುಚ್ಚೂ ಹಿಡಿದಿತ್ತು. ವಾಷಿಂಗ್ ಸೋಡಾದಲ್ಲಿ ಬ್ಲೀಚ್ ಮಾಡಿ ಟ್ಯಾನಿಕ್ ಆಮ್ಲದಲ್ಲಿ ಅದ್ದಿದರೆ ಕಂದು ಬರುತ್ತದೆ. ಚಹಾದಲ್ಲೂ ಬರುತ್ತದೆ, ಆದರೆ ಕಾಗದದ ಬಿಳಿಯೂ ಕಂದಾಗುತ್ತದೆ. ಹತ್ತರಲ್ಲಿ ಎರಡು ಚೆನ್ನಾಗಿ ಬಂದವು. ಸೋಡಾ ಲೀಟರಿಗೆ ಅರ್ಧ ಚಮಚಕ್ಕಿಂತ ಹೆಚ್ಚಾದರೆ ಕೆನ್ನೆ ಅರ್ಧ ನಿಮಿಷದಲ್ಲಿ ಮಾಯ, ಮತ್ತೆ ಯಾವ ಟ್ಯಾನಿನ್ ಹಾಕಿದರೂ ಪೂರ್ತಿ ವಾಪಸ್ ಬರುವುದಿಲ್ಲ. ಅದಕ್ಕೇ ಟೋನ್ ಮಾಡಲೆಂದು ತೆಗೆಯುವ ಪ್ರಿಂಟಿಗೆ 11ರ ಬದಲು 14 ನಿಮಿಷ ಕೊಡುತ್ತೇನೆ.